ನಮ್ಮ ದಾಸವಾಳಕ್ಕೆ ಏನಾಯಿತು?

ನಮ್ಮ ರಾಯಚೂರಿನ ಯಾವ ಓಣಿಯಲ್ಲಿ ನಡೆದರೂ ನಾಲ್ಕು ಮನೆ ದಾಟುವಷ್ಟರಲ್ಲಿ ಒಂದು ದಾಸವಾಳ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಅಂಗಡಿಯಿಂದ ತಂದ ಚೆಂದದ ಕುಂಡವೇ ಬೇಕೆಂದಿಲ್ಲ. ಹದಿನೈದು ಕಿಲೋ ಎಣ್ಣೆಯ ಡಬ್ಬಿ, ಬುಡ ಸೀಳಿದ ಪ್ಲಾಸ್ಟಿಕ್ ಕೊಡ, ಹಿಡಿಕೆ ಹೋದ ಬಕೀಟು, ಮಗುವಿಗೆ ಸ್ನಾನ ಮಾಡಿಸುತ್ತಿದ್ದ ಹಳೆಯ ಟಬ್ಬು, ಯಾವುದರಲ್ಲಿಟ್ಟರೂ ಬದುಕಿಕೊಳ್ಳುತ್ತದೆ. ನಮ್ಮ ಕಡೆಯ ಬಾಯಲ್ಲಿ ಅದು ‘ದಾಸಾಳ’. ಮಂಗಳವಾರ ಗಣಪತಿಗೆ ಕೆಂಪು ಹೂ ಬೇಕು, ಶುಕ್ರವಾರ ದೇವಿಗೆ ಬೇಕು, ಉಳಿದ ದಿನ ಬಾಗಿಲ ಹೊಸ್ತಿಲಿಗಾದರೂ ಒಂದು ಬೇಕು. ಹೂ ಉದುರಿದ ಮೇಲೂ ಎಲೆ ಅರೆದು ತಲೆಗೆ ಹಚ್ಚಿಕೊಳ್ಳುವವರಿದ್ದಾರೆ. ಗುಲಾಬಿಯಂತೆ ಇದು ನಖರಾ ಮಾಡುವುದಿಲ್ಲ. ಒಂದೇ ದಿನ ಬಾಳುವ ಹೂವಾದರೂ ಮರುದಿನ ಬೆಳಿಗ್ಗೆ ಇನ್ನೊಂದು ಅರಳಿ ನಿಂತಿರುತ್ತದೆ.

ಇಷ್ಟು ಒಳ್ಳೆಯ ಗಿಡ ಒಮ್ಮೆ ಮುನಿಸಿಕೊಂಡರೆ ಮಾತ್ರ ಮನೆಯವರೆಲ್ಲರಿಗೂ ಕಳವಳ. ಎಲೆ ಹಳದಿಯಾಯಿತು, ಮೊಗ್ಗು ಉದುರಿತು, ತುದಿ ಮುರುಟಿತು ಎಂದರೆ ಓಣಿಯ ಹೆಂಗಸರೆಲ್ಲ ವೈದ್ಯರೇ. ಒಬ್ಬರು ಚಹಾ ಸೊಪ್ಪು ಹಾಕಿ ಎನ್ನುತ್ತಾರೆ, ಒಬ್ಬರು ತತ್ತಿಯ ಸಿಪ್ಪೆ, ಒಬ್ಬರು ಅಕ್ಕಿ ತೊಳೆದ ನೀರು. ಕೊನೆಗೆ ಯಾರಾದರೂ ಒಬ್ಬರು ದನಿ ತಗ್ಗಿಸಿ, “ಯಾರದೋ ಕಣ್ಣು ಬಿದ್ದೈತ್ರಿ” ಎನ್ನುತ್ತಾರೆ. ಅಲ್ಲಿಗೆ ಗಿಡದ ವಿಚಾರ ಮುಗಿದು ಮನುಷ್ಯರ ವಿಚಾರ ಶುರುವಾಗುತ್ತದೆ.

ನಾನು ಕನ್ನಡ, ಸಮಾಜ ಕಲಿಸುವವಳು. ಸಸ್ಯಶಾಸ್ತ್ರ ಓದಿದವಳಲ್ಲ. ಆದರೆ ದೇವದುರ್ಗ, ಮಾನ್ವಿ, ರಾಯಚೂರು ಎಂದು ವರ್ಗವಾದಲ್ಲೆಲ್ಲ ನನ್ನ ಸಾಮಾನಿನ ಜೊತೆ ಒಂದೆರಡು ದಾಸವಾಳದ ಡಬ್ಬಿಗಳೂ ಬಂದಿವೆ. ಕಲಿತವರನ್ನು ಕೇಳಿ, ಗಿಡವನ್ನೇ ನೋಡಿ ತಿಳಿದುಕೊಂಡದ್ದು ಸ್ವಲ್ಪ ಇದೆ.

ಮೊದಲು ನೆನಪಿಡಬೇಕಾದದ್ದು ನಮ್ಮ ಊರಿನ ಗುಣ. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದವು. ಎರಡು ಹೊಳೆಗಳ ನಡುವೆ ಇದ್ದರೂ ಬೇಸಿಗೆಯಲ್ಲಿ 42-43 ಡಿಗ್ರಿ ಬಿಸಿಲು, ಬೋರಿನ ಗಡಸು ನೀರು, ಅಂಗಳದಲ್ಲಿ ಎರೆಮಣ್ಣು. ಬೆಂಗಳೂರಿನ ಪುಸ್ತಕದಲ್ಲಿ ಬರೆದ ಉಪಾಯವೆಲ್ಲ ಇಲ್ಲಿ ನಡೆಯುವುದಿಲ್ಲ. ಎರೆಮಣ್ಣು ಹೊಲದಲ್ಲಿ ಬಂಗಾರ, ಡಬ್ಬಿಯಲ್ಲಿ ಶತ್ರು. ನೀರು ಬಿದ್ದರೆ ಅಂಟಾಗಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಕೆಳಗಿನ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿದ್ದು, ಮಣ್ಣಿಗೆ ಬೆರಳು ಇಟ್ಟರೆ ಇನ್ನೂ ಹಸಿ ಇದ್ದರೆ ಗಿಡಕ್ಕೆ ಬಾಯಾರಿಕೆಯಲ್ಲ, ಅಜೀರ್ಣ. ಅದನ್ನು ನೋಡಿ ಮತ್ತೆ ಒಂದು ಚೊಂಬು ನೀರು ಸುರಿದರೆ ಮುಗಿದೇ ಹೋಯಿತು. ಡಬ್ಬಿಯ ತಳದ ತೂತು ಮುಚ್ಚಿದೆಯೇ ನೋಡಬೇಕು. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಮೂರನ್ನೂ ಸಮ ಬೆರೆಸಿ ಕೂಡಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಇನ್ನೊಂದು ಹಳದಿ ಇದೆ. ಅದು ಮೇಲಿನ ಎಳೆಯ ಎಲೆಗಳಲ್ಲಿ ಬರುತ್ತದೆ. ಎಲೆಯೆಲ್ಲ ತಿಳಿ ಹಳದಿ, ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಾದರೆ ಬೇರಿಗೆ ಅದು ದಕ್ಕುವುದಿಲ್ಲ. ನಮ್ಮ ನೀರಿನಲ್ಲಿ ಸುಣ್ಣಕ್ಕೇನು ಬರ? ಕುಂಡದ ಅಂಚಿಗೆ ಕಟ್ಟುವ ಬಿಳಿ ಪೊರೆಯೇ ಸಾಕ್ಷಿ. ಹೀಗಿರುವಾಗ ತತ್ತಿಯ ಸಿಪ್ಪೆ ಹಾಕುವುದೆಂದರೆ ಇದ್ದ ಸುಣ್ಣದ ಮೇಲೆ ಇನ್ನಷ್ಟು ಸುಣ್ಣ ಹಾಕಿದಂತೆ. ಒಂದು ಲೀಟರ್ ನೀರಿಗೆ ಎರಡು ಮೂರು ಗ್ರಾಂ ಅನ್ನಭೇದಿ ಕರಗಿಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು, ಸಂಜೆ ಹೊತ್ತು ಎಲೆಗಳಿಗೆ ಚಿಮುಕಿಸಿದರೆ ಎಂಟು ಹತ್ತು ದಿನದಲ್ಲಿ ಹಸಿರು ತಿರುಗುತ್ತದೆ. ಮಳೆ ಬಂದಾಗ ಮಾಳಿಗೆಯ ನೀರು ಎರಡು ಕೊಡ ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು.

ಮೊಗ್ಗು ಉದುರಿದರೆ ಉದುರಿದ ಮೊಗ್ಗನ್ನು ಕಸದಲ್ಲಿ ಗುಡಿಸಿ ಹಾಕಬೇಡಿ, ಉಗುರಿನಿಂದ ಸೀಳಿ ನೋಡಿ. ಒಳಗೆ ಹುಳು ಇದ್ದರೆ ಬಿದ್ದ ಮೊಗ್ಗುಗಳನ್ನೆಲ್ಲ ದಿನವೂ ಆರಿಸಿ ಸುಟ್ಟುಬಿಡಬೇಕು. ಒಳಗೆ ಏನೂ ಇಲ್ಲದಿದ್ದರೆ ಅದು ಬಿಸಿಲಿನ ಕೆಲಸ, ಇಲ್ಲವೇ ಒಂದು ದಿನ ನೀರು, ಎರಡು ದಿನ ಉಪವಾಸ ಎನ್ನುವ ನಮ್ಮ ಅವ್ಯವಸ್ಥೆಯ ಕೆಲಸ. ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಡಬ್ಬಿ ಇಡಬೇಕು. ಅಂಥ ಜಾಗ ಇಲ್ಲದಿದ್ದರೆ ಒಂದು ಗೋಣಿಚೀಲ ಕಟ್ಟಿದರೂ ಆದೀತು. ಗಿಡ ಸೊಂಪಾಗಿ ಬೆಳೆದು ಹೂವೇ ಬಿಡದಿದ್ದರೆ ಯಾರೋ ಯೂರಿಯಾ ಹೆಚ್ಚು ಹಾಕಿದ್ದಾರೆ, ಇಲ್ಲವೇ ಬಿಸಿಲು ಸಾಲದು, ಇಲ್ಲವೇ ಬಹಳ ದಿನದಿಂದ ಕತ್ತರಿ ಬಿದ್ದಿಲ್ಲ ಎಂದು ತಿಳಿಯಬೇಕು. ದಾಸವಾಳ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ಮೊದಲ ಮಳೆಗೆ ಉದ್ದ ಕೊಂಬೆಗಳ ತುದಿ ಕತ್ತರಿಸಿದರೆ ಶ್ರಾವಣದ ಪೂಜೆಗೆ ಹೂವಿಗೆ ಬರ ಇರುವುದಿಲ್ಲ.

ಇವೆಲ್ಲ ಸಣ್ಣಪುಟ್ಟ ಕಾಯಿಲೆಗಳು. ನಮ್ಮ ಜಿಲ್ಲೆಯಲ್ಲಿ ದಾಸವಾಳಕ್ಕೆ ಬರುವ ದೊಡ್ಡ ಕಾಯಿಲೆ ಬೇರೆ. ಅದನ್ನು ತಿಳಿಯಬೇಕಾದರೆ ದಾಸವಾಳದ ಬಳಗವನ್ನು ತಿಳಿಯಬೇಕು. ಹತ್ತಿ ಹೂವನ್ನೂ ಬೆಂಡೆ ಹೂವನ್ನೂ ದಾಸವಾಳದ ಪಕ್ಕದಲ್ಲಿಟ್ಟು ನೋಡಿ. ಅದೇ ಐದು ಎಸಳು, ನಡುವೆ ಕೇಸರಗಳು ಒಂದು ಕೊಳವೆಯಾಗಿ ಕೂಡಿದ ಅದೇ ಕಂಬ. ಮೂರೂ ಒಂದೇ ಮನೆತನ. ನಾವು ರೊಟ್ಟಿಯ ಜೊತೆ ಉಣ್ಣುವ ಪುಂಡಿಪಲ್ಯವಂತೂ ದಾಸವಾಳದ ಒಡಹುಟ್ಟಿದ ತಂಗಿ. ಬಳಗ ಒಂದಾದ ಮೇಲೆ ಕಾಯಿಲೆಯೂ ಹಂಚಿಕೆಯಾಗುತ್ತದೆ. ಹತ್ತಿಯ ಸೀಮೆಯಲ್ಲಿ ಹತ್ತಿಗೆ ಬಂದ ಹುಳು ಹೊಲದಲ್ಲೇ ನಿಲ್ಲದೆ ನಮ್ಮ ಅಂಗಳಕ್ಕೂ ಬರುತ್ತದೆ.

2005ರ ಆಚೀಚೆ ದೇಶದ ಹತ್ತಿ ಹೊಲಗಳಿಗೆ ಒಂದು ಹೊಸ ಹಿಟ್ಟು ತಿಗಣೆ ನುಗ್ಗಿತು. ಮೈಮೇಲೆ ಬಿಳಿ ಹಿಟ್ಟು ಬಳಿದುಕೊಂಡಂಥ ಮೆತ್ತನೆಯ ಹುಳು. ಚಿಗುರಿನ ರಸ ಹೀರಿ, ಸಿಹಿಯಾದ ಅಂಟು ಸುರಿಸುತ್ತದೆ. ಆ ಸಿಹಿಗೆ ಇರುವೆಗಳು ಬರುತ್ತವೆ, ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳು ಸಿಹಿ ತಿಂದು ಸುಮ್ಮನಿರುವುದಿಲ್ಲ, ಹುಳುವಿನ ವೈರಿಗಳನ್ನು ಓಡಿಸಿ ಕಾವಲು ಕಾಯುತ್ತವೆ, ಮರಿಗಳನ್ನು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಇದೆಲ್ಲ ನಡೆಯುವುದು ಎಲೆಯ ಬೆನ್ನಿಗೆ, ಚಿಗುರಿನ ಸಂದಿಗೆ. ಮೇಲಿನಿಂದ ನೋಡುವವರಿಗೆ ಕಾಣುವುದು ಮುರುಟಿದ ತುದಿ, ಹಳದಿ ಎಲೆ ಮಾತ್ರ. ಕಾರಣ ಕಣ್ಣಿಗೆ ಕಾಣದಿದ್ದಾಗ ನಮ್ಮ ಜನ ಕಾರಣವನ್ನು ಎಲ್ಲಿ ಹುಡುಕುತ್ತಾರೆಂಬುದನ್ನು ನಾನು ಒಂದು ಶಾಲೆಯಲ್ಲಿ ಕಂಡೆ.

ಆಗ ಮಾನ್ವಿ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. 2010ರ ಫೆಬ್ರವರಿ. ಪಡಸಾಲೆಯ ಮುಂದೆ ಸಾಲಾಗಿ ಎಂಟು ದಾಸವಾಳದ ಕುಂಡಗಳಿದ್ದವು. ಶಾಲೆಯಲ್ಲಿ ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಆದರೆ ಗಿಡಕ್ಕೆ ನೀರು ಹಾಕುವ ಪಾಳಿ ಮಾತ್ರ ಯಾವ ಕಾಲದಿಂದಲೋ ಹುಡುಗಿಯರದೇ ಆಗಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ತನ್ನ ಪಾಳಿ ಇಲ್ಲದಿದ್ದರೂ ದಿನವೂ ಬಂದು ಒಣಗಿದ ಎಲೆ ತೆಗೆದು, ಹೂ ಎಣಿಸಿ, ಎಷ್ಟು ಅರಳಿವೆ ಎಂದು ನನಗೆ ಬಂದು ಹೇಳುತ್ತಿದ್ದಳು. ಓದಿನಲ್ಲಿ ಸಾಧಾರಣ, ಗಿಡದ ವಿಷಯದಲ್ಲಿ ಚುರುಕು.

ಆ ತಿಂಗಳು ಗೋಡೆಯ ಕಡೆಯ ನಾಲ್ಕು ಕುಂಡಗಳು ಒಂದೇ ಸಮನೆ ಬಾಡತೊಡಗಿದವು. ಮೊಗ್ಗು ಕರಟಿದವು, ಎಲೆ ಜಿಗುಟಾಗಿ ಕಪ್ಪಾದವು. ಯಾರು ಮೊದಲು ಅಂದರೋ ಗೊತ್ತಿಲ್ಲ, “ಹೊರಗಾದಾಗ ಮುಟ್ಟಿದ್ರ ಗಿಡ ಉಳೀತಾವೇನು?” ಎಂಬ ಮಾತು ಹುಟ್ಟಿತು. ದಿನವೂ ಗಿಡದ ಹತ್ತಿರ ಕಾಣುವವಳು ಅವಳೊಬ್ಬಳೇ ಆದ್ದರಿಂದ ಮಾತು ಅವಳ ಮೇಲೆ ಬಂದು ಕೂತಿತು. ಹುಡುಗರು ನಕ್ಕರು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಒಂಬತ್ತು ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದೆ. ಅವಳ ಮನೆಯ ಹತ್ತಿರದ ಹುಡುಗಿ ಬಂದು, “ಟೀಚರ್, ಆಕಿ ಇನ್ನ ಸಾಲಿಗಿ ಬರಲ್ಲಂತ್ರಿ. ಅವ್ರಜ್ಜಿ ವರ ನೋಡಾಕತ್ಯಾಳ” ಎಂದಳು.

ನಾನು ಮೊದಲು ಗಿಡ ನೋಡಲು ಹೋದೆ. ಒಂದು ಎಲೆ ಮಗುಚಿದೆ. ಬೆನ್ನ ತುಂಬ ಹಿಟ್ಟು. ಕಾಂಡದ ಮೇಲೆ ಇರುವೆಗಳ ಸಾಲು. ಸಾಲಿನ ಹಿಂದೆ ಹೋದರೆ ಅದು ಕಾಂಪೌಂಡ್ ಗೋಡೆ ಹತ್ತಿ ಆಚೆ ಇಳಿಯುತ್ತಿತ್ತು. ಆಚೆ ಮನೆಯವರು ಒಲೆಗೆಂದು ಹತ್ತಿ ಕಟ್ಟಿಗೆಯನ್ನು ಗೋಡೆಗೆ ಒತ್ತಿ ಬಣವೆಯಂತೆ ಒಟ್ಟಿದ್ದರು. ಆ ಕಟ್ಟಿಗೆಯ ಸಂದಿಯಲ್ಲೂ ಅದೇ ಹಿಟ್ಟು. ಗೋಡೆಯಿಂದ ದೂರವಿದ್ದ ನಾಲ್ಕು ಕುಂಡಗಳಲ್ಲಿ ಒಂದೂ ಹುಳು ಇರಲಿಲ್ಲ. ಆ ಹುಡುಗಿ ಎಂಟೂ ಕುಂಡಗಳನ್ನು ಮುಟ್ಟುತ್ತಿದ್ದವಳು.

ಅಂದು ಸಂಜೆ ಹುಳು ಹತ್ತಿದ ಒಂದು ತುದಿಯನ್ನು ಕತ್ತರಿಸಿ, ಊಟದ ಡಬ್ಬಿಯಲ್ಲಿ ಮುಚ್ಚಿಕೊಂಡು ಅವಳ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿ ಒಳಗಿಂದ ಹೊರಗೆ ಬರಲಿಲ್ಲ. ನಾನು ಉಪದೇಶ ಮಾಡಲು ಹೋಗಲಿಲ್ಲ, ಡಬ್ಬಿ ತೆಗೆದು ಮುಂದಿಟ್ಟೆ. ಅಜ್ಜಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದವರೇ, “ಇದಾ? ಇದು ನಮ್ಮ ಹತ್ತಿಗಿ ಬೀಳ್ತೈತಲ್ಲರೀ, ಹಿಟ್ಟಿನ ಹುಳ! ಹೋದ ವರ್ಷ ದಂಡಿ ಸಾಲು ಪೂರಾ ತಿಂದಿತ್ತು” ಎಂದರು.

“ಹತ್ತಿಗೆ ಬಿದ್ದಾಗ ಯಾರು ಮುಟ್ಟಿದ್ದರು ಅಜ್ಜಿ?” ಎಂದು ಕೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಯಾರ್ ಮುಟ್ಟಲಾರದ್ದೇನ್ರಿ? ಹೊರಗಾಗೀನಂತ ಮನ್ಯಾಗ ಕುಂತ್ರ ಕೂಲಿ ಯಾರ್ ಕೊಡ್ತಾರ? ನಾನೂ ಬಿಡಿಸೀನಿ, ನನ್ನ ಸೊಸೀನೂ ಬಿಡಿಸ್ಯಾಳ” ಎಂದರು.

ಅಷ್ಟು ಹೊತ್ತು ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆ, ಹುಡುಗಿಯ ತಾಯಿ, ಆಗ ಬಾಯಿಬಿಟ್ಟಳು. “ಅದ ಹತ್ತಿ ಹಿಂಜಿ ನೀವ ದೇವರಿಗಿ ಬತ್ತಿ ಹೊಸೀತೀರಿ, ಅತ್ತಿ.”

ಅಜ್ಜಿ ಏನೂ ಅನ್ನಲಿಲ್ಲ. ನನಗೆ ಚಹಾ ಮಾಡಲು ಹೇಳಿದರು. ಚಹಾ ತಂದವಳು ಆ ಹುಡುಗಿ.

ಹತ್ತಿ ಹೊಲದಲ್ಲಿ ಬಿಡಿಸುವ ಕೈಗಳು ಹೆಣ್ಣುಮಕ್ಕಳವೇ. ತಿಂಗಳ ಮೂವತ್ತೂ ದಿನ ಅವರ ಕೈಯಿಂದ ಬಂದ ಹತ್ತಿ ಗೆಜ್ಜೆವಸ್ತ್ರವಾಗಿ ದೇವರ ಕೊರಳಿಗೆ ಬೀಳುತ್ತದೆ, ಹೂಬತ್ತಿಯಾಗಿ ಉರಿಯುತ್ತದೆ. ಮಾನ್ವಿಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವವರೂ ಅವರೇ. ಮುಟ್ಟಿದರೆ ಹಸಿರು ಬಾಡುವುದು ನಿಜವಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಒಂದು ಕಾಳು ಬೆಳೆಯುತ್ತಿರಲಿಲ್ಲ. ನಮ್ಮ ಶಾಲೆಯ ಲೆಕ್ಕವೂ ಅಷ್ಟೇ. ಅಷ್ಟೊಂದು ಹುಡುಗಿಯರು ಸರದಿಯ ಮೇಲೆ ನೀರು ಹಾಕುವಲ್ಲಿ ಯಾವ ದಿನವೂ ಯಾರಾದರೂ ಒಬ್ಬಳು ಹೊರಗಾದವಳು ಇದ್ದೇ ಇರುತ್ತಾಳೆ. ಹಾಗಿದ್ದೂ ಅಲ್ಲಿ ವರ್ಷವಿಡೀ ಹೂ ಅರಳಿದ್ದವು. ಹನ್ನೆರಡನೆಯ ಶತಮಾನದಲ್ಲೇ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು, ರಜಸ್ಸೂತಕವೂ ಅವುಗಳಲ್ಲಿ ಒಂದು. ಇದನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಪಡಸಾಲೆಯ ಕುಂಡದ ತನಕ ಆ ಪಾಠ ಬಂದಿರಲಿಲ್ಲ.

ಇದು ನಮ್ಮ ಹಳ್ಳಿಯವರ ಮೌಢ್ಯವೊಂದೇ ಎಂದು ತಿಳಿಯಬೇಡಿ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ ಎಂಬ ಪಂಡಿತ, ಮುಟ್ಟಾದ ಹೆಂಗಸು ಸೋಕಿದರೆ ಸಸಿ ಒಣಗುತ್ತದೆ, ಹಣ್ಣು ಉದುರುತ್ತದೆ ಎಂದು ಬರೆದಿಟ್ಟ. ಅದೇ ಮಹಾಶಯ, ಅಂಥ ಹೆಂಗಸು ಹೊಲ ಸುತ್ತಿದರೆ ಬೆಳೆಯ ಹುಳು ಉದುರಿ ಬೀಳುತ್ತದೆ ಎಂದೂ ಬರೆದಿದ್ದಾನೆ! ತೀರ ಈಚೆಗೆ, 1920ರಲ್ಲಿ, ಗಂಟಲಮಾರಿಯ ಪರೀಕ್ಷೆಯಿಂದ ಹೆಸರಾದ ವಿಯೆನ್ನಾದ ವೈದ್ಯ ಬೇಲಾ ಶಿಕ್ ತಮ್ಮ ಮನೆಗೆಲಸದವಳ ಕೈಯಲ್ಲಿ ಹೂ ಬಾಡಿತೆಂದು ನೋಡಿ, ಮುಟ್ಟಾದವರ ಮೈಯಲ್ಲಿ ಒಂದು ವಿಷ ಇರುತ್ತದೆಂದು ಪ್ರಕಟಿಸಿದರು. ಹಲವು ವರ್ಷ ಅದರ ಮೇಲೆ ಚರ್ಚೆ ನಡೆಯಿತು. ಆ ವಿಷ ಇದೆ ಎಂಬುದು ಸಿದ್ಧವಾಗಲಿಲ್ಲ, ಇಂದಿನ ವೈದ್ಯಶಾಸ್ತ್ರ ಅದನ್ನು ಒಪ್ಪುವುದೂ ಇಲ್ಲ. ಅಷ್ಟು ಓದಿದವರಿಗೂ ಹೂವಿಗಿಂತ ಮೊದಲು ಕೆಲಸದವಳ ಮೇಲೆ ಕಣ್ಣು ಹೋಯಿತಲ್ಲ!

ಶಾಲೆಯ ಕುಂಡಗಳಿಗೆ ನಾವು ಮಾಡಿದ್ದು ಇಷ್ಟು. ಹುಳು ಗಿಜಿಗುಟ್ಟುತ್ತಿದ್ದ ತುದಿಗಳನ್ನು ಕತ್ತರಿಸಿ ಅಲ್ಲಿಯೇ ಸೋಪಿನ ನೀರಿನ ಬಕೀಟಿನಲ್ಲಿ ಮುಳುಗಿಸಿದೆವು, ಬೇರೆ ಕಡೆ ಎಸೆದರೆ ಅಲ್ಲಿಂದ ಮತ್ತೆ ಹರಡುತ್ತದೆ. ಉಳಿದ ಎಲೆಗಳ ಬೆನ್ನನ್ನು, ಕಾಂಡದ ಸಂದಿಯನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು. ಲೀಟರಿಗೆ ಐದು ಗ್ರಾಂ ಸೋಪು ಸಾಕು, ಹೆಚ್ಚಾದರೆ ಎಲೆ ಸುಡುತ್ತದೆ. ಒಂದು ಎಲೆಗೆ ಹಚ್ಚಿ ಒಂದು ದಿನ ಬಿಟ್ಟು ನೋಡಿಯೇ ಮುಂದುವರಿಯುವುದು ಒಳ್ಳೆಯದು. ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸಂಜೆ ಸಿಂಪಡಿಸಿದೆವು. ಹುಳುವಿನ ತತ್ತಿಗಳು ಬಿಳಿ ಚೀಲದೊಳಗೆ ಸುರಕ್ಷಿತವಾಗಿರುತ್ತವೆ, ಆದ್ದರಿಂದ ಒಮ್ಮೆ ಮಾಡಿ ಬಿಟ್ಟರೆ ಉಪಯೋಗವಿಲ್ಲ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಆಗಬೇಕು. ಇರುವೆ ಏರದಂತೆ ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಟ್ಟೆವು. ಆಚೆ ಮನೆಯವರಿಗೆ ಹೇಳಿ ಹತ್ತಿ ಕಟ್ಟಿಗೆಯನ್ನು ಗೋಡೆಯಿಂದ ದೂರ ಸರಿಸಿದೆವು. ಆ ಕೆಲಸಕ್ಕೆ ಈ ಸಲ ಹುಡುಗರನ್ನು ಕಳಿಸಿದೆ.

ಒಂದು ಎಚ್ಚರಿಕೆ. ಹಿಟ್ಟು ತಿಗಣೆಗಳ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬ ಬಿಳಿ ಕುಚ್ಚು ಇಳಿಬಿಟ್ಟ, ಚುರುಕಾಗಿ ಓಡಾಡುವ ಮರಿ ಕಂಡರೆ ಕೊಲ್ಲಬೇಡಿ. ಅದು ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಆ ಹುಳುವನ್ನು ನಮ್ಮ ದೇಶಕ್ಕೆ ತಂದರು. ಅದೂ ಬಿಳಿ, ಇದೂ ಬಿಳಿ ಎಂದು ಹೊಸಕಿದರೆ ಕಳ್ಳನ ಜೊತೆ ಪೊಲೀಸನನ್ನೂ ಹೊಡೆದಂತಾಗುತ್ತದೆ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ಹರಡಿದ ಪಪ್ಪಾಯಿಯ ಹಿಟ್ಟು ತಿಗಣೆಯನ್ನು ಕೊನೆಗೆ ಹದ್ದುಬಸ್ತಿಗೆ ತಂದದ್ದೂ 2010ರಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನಲ್ಲಿ ಸಾಕಿ ಬಿಟ್ಟ ಗುಂಗಾಡಿಗಿಂತ ಸಣ್ಣ ಕಣಜ. ಆ ತಿಗಣೆ ದಾಸವಾಳವನ್ನೂ ಬಿಡುತ್ತಿರಲಿಲ್ಲ. ಸಿಕ್ಕಸಿಕ್ಕ ವಿಷದ ಔಷಧಿ ಹೊಡೆದರೆ ಮೊದಲು ಸಾಯುವುದು ಇಂಥ ಉಪಕಾರಿಗಳೇ.

ನಾನು ಹೋಗಿ ಬಂದ ಎರಡನೆಯ ದಿನ ಹುಡುಗಿ ಶಾಲೆಗೆ ಬಂದಳು. ವರ ನೋಡುವ ಮಾತು ಒಂದು ಎಲೆಯಿಂದ ನಿಂತಿತೆಂದು ನಾನು ಹೇಳಲಾರೆ. ಆ ವರ್ಷ ಹತ್ತಿಗೆ ಬಂದ ದುಡ್ಡು, ಮನೆಯ ಕಷ್ಟ, ತಾಯಿಯ ಹಟ, ಎಲ್ಲವೂ ಅದರಲ್ಲಿ ಇದ್ದಿರಬೇಕು. ಬೇಸಿಗೆ ರಜೆಯ ಎರಡು ತಿಂಗಳು ಅವಳೇ ದಿನವೂ ಬಂದು ಎಂಟು ಕುಂಡಗಳಿಗೂ ನೀರು ಹಾಕಿದಳು, ಯಾವ ದಿನವನ್ನೂ ತಪ್ಪಿಸಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಗೋಡೆಯ ಕಡೆಯ ಕುಂಡಗಳಲ್ಲಿ ಮೂರು ಚಿಗುರಿದ್ದವು, ಒಂದು ಸತ್ತಿತ್ತು. ಅವಳು ಹತ್ತನೆಯ ತರಗತಿಗೆ ಬಂದು ಕೂತಿದ್ದಳು, ಮುಂದಿನ ವರ್ಷ ಪಾಸಾದಳು.

ಈಗ ನಮ್ಮ ಓಣಿಯಲ್ಲಿ ಯಾರಾದರೂ ಬಂದು ಗಿಡ ಬಾಡಿದೆ ಎಂದರೆ, ಯಾರು ಬಂದಿದ್ದರು, ಯಾರು ಮುಟ್ಟಿದರು ಎಂಬ ಕತೆ ಶುರುವಾಗುವ ಮೊದಲೇ ನಾನು, “ಮೇಲಿನದೊಂದು, ಕೆಳಗಿನದೊಂದು ಎಲೆ ಕಿತ್ತುಕೊಂಡು ಬರ್ರಿ” ಎನ್ನುತ್ತೇನೆ. ಎಲೆ ಮಗುಚಿ ನೋಡಿ, ಮಣ್ಣಿಗೆ ಬೆರಳಿಟ್ಟು, ಡಬ್ಬಿಯ ತೂತು ತಡವಿ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಲ್ಲೇ ಇರುತ್ತದೆ. ಅಷ್ಟು ಮಾಡಿಯೂ ಗಿಡ ಉಳಿಯದಿದ್ದರೆ ದುಃಖ ಬೇಡ. ಮುಂಗಾರಿನ ಹೊತ್ತಿಗೆ ಪೆನ್ಸಿಲ್ಲಿನಷ್ಟು ದಪ್ಪದ, ಗೇಣುದ್ದದ ಒಂದು ಕಡ್ಡಿಯನ್ನು ಆರೋಗ್ಯವಾದ ಗಿಡದಿಂದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಿ. ತಿಂಗಳು ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತದೆ. ನಮ್ಮ ಮನೆಯಲ್ಲಿ ಎರಡು ಗಿಡ ಚೆನ್ನಾಗಿವೆ, ಕಡ್ಡಿ ಬೇಕಾದವರು ಯಾವ ದಿನ ಬೇಕಾದರೂ ಬಂದು ತಾವೇ ಕತ್ತರಿಸಿಕೊಳ್ಳಬಹುದು.